ನಾಲ್ಕನೇ ಸಾಲಿನ ಉಳಿದರ್ಧ

ಇಲ್ಲೇ ಇಲ್ಲೀ, ಇಲ್ಲೇ ಇಲ್ಲೀ — ಮತ್ತೆ ಶುರುವಾಯಿತು, ಲುಬ್ನಾಳ ಮಗಳು ಮೆಟ್ಟಿಲ ಮೇಲೆ ಕೂತು ಪದ್ಯ ಬಾಯಿಪಾಠ ಮಾಡುತ್ತಿದ್ದಾಳೆ, ಕೆಳಗಿನ ಮನೆಯವರಾದರೂ ಓದುವುದಕ್ಕೆ ಆ ಹುಡುಗಿಗೆ ನನ್ನ ಬಾಗಿಲ ಮುಂದಿನ ಮೆಟ್ಟಿಲೇ ಆಗಬೇಕು, ಸೋಮವಾರ ಒಪ್ಪಿಸಬೇಕಂತೆ, ಬೆಳಿಗ್ಗೆ ನಲ್ಲಿ ನೀರು ಬಂದಾಗ ಲುಬ್ನಾ ಹೇಳಿದ್ದಳು, ಮೇಡಂ ನಿಮ್ ಪದ್ಯಾನೇ ಬಂದಿದೆ ನಮ್ ಹುಡ್ಗಿ ಬುಕ್ಕಲ್ಲಿ, ಕೆಳಗಡೆ ನಿಮ್ ಹೆಸ್ರೂ ಹಾಕಿದಾರೆ, ನಾನು ಹೌದಾ ಅಂದೆ, ಹೊಸದಾಗಿ ಕೇಳಿದವಳ ಹಾಗೆ, ಅವಳ ಹಿಗ್ಗು ಯಾಕೆ ಕೆಡಿಸಬೇಕು, ಆ ಪುಟವೇ ಈಗ ನನ್ನ ಮೇಜಿನ ಮೇಲೂ ಬಿದ್ದಿದೆ, ಎರಡನೇ ಮುದ್ರಣದ ಕರಡು, ಸಂಜೆ ನಾಲ್ಕರೊಳಗೆ ತಿದ್ದಿ ಕಳಿಸಿ ಮೇಡಂ, ಯಶವಂತಪುರದ ಪ್ರೆಸ್ಸಿನಲ್ಲಿ ಇವತ್ತೇ ಪ್ಲೇಟ್ ಹಾಕ್ತಾರೆ, ಪ್ರಕಾಶಕ ಕಾಶಿನಾಥ ನಿನ್ನೆಯಿಂದ ಮೂರು ಸಲ ಹೇಳಿದ್ದಾನೆ, ಪದ್ಯದ ಎದುರಿನ ಪುಟ ಪೂರ್ತಿ ಬೆಳ್ಳಗಿದೆ, ಮೇಲೆ ದಪ್ಪಕ್ಷರದಲ್ಲಿ ಶಿಕ್ಷಕರಿಗೆ ಎಂದಿದೆ, ಅದರ ಕೆಳಗೆ ಮೂರೇ ಮಾತು, ಪ್ರಾಸ, ಲಯ, ಪುನರಾವರ್ತನೆ, ಮೂರನ್ನೂ ನಾನು ವಿವರಿಸಬೇಕು, ಈ ಸಲ ಹೊಸದಾಗಿ ಸೇರಿಸುತ್ತಿದ್ದಾರೆ, ಮೂವತ್ತೊಂದು ವರ್ಷ ಆರ್.ಟಿ. ನಗರದ ಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳಿಗೆ ಇದೇನು ಮಹಾ, ಅರ್ಧ ಗಂಟೆಯ ಕೆಲಸ ಎಂದು ಬೆಳಿಗ್ಗೆ ಕೂತವಳು, ಈಗ ಒಂದೂವರೆ, ಪೆನ್ಸಿಲ್ ಎರಡು ಸಲ ಚೂಪು ಮಾಡಿದ್ದಾಯಿತು, ಅನ್ನ ಇನ್ನೂ ಇಟ್ಟಿಲ್ಲ.

ಕೆಂಪನೆ ಮೂಗಿನ ಕಳ್ಳರ ದಂಡೇ
ಚಪ್ಪರದೊಳಗೇ ನಿನ್ನಾ ಕಂಡೇ
ಒಂದೇ ಗೊನೆಗೇ ಒಂದೇ ಕಲ್ಲೂ
ಅಕ್ಕಾ ಎಲ್ಲೀ ಇಲ್ಲೇ ಇಲ್ಲೀ

ಜನಪದ, ಸಂಗ್ರಹ ಜ್ಯೋತಿಲಕ್ಷ್ಮಿ, ಅಚ್ಚಿನಲ್ಲಿ ಎಷ್ಟು ಸಲೀಸು, ಜನಪದ ಎಂದುಬಿಟ್ಟರೆ ಯಾರದ್ದೂ ಅಲ್ಲ, ಸಂಗ್ರಹ ಎಂದುಬಿಟ್ಟರೆ ನನ್ನದು. ಸರಿ, ಪ್ರಾಸದಿಂದ ಹಿಡಿಯೋಣ, ದಂಡೇ ಕಂಡೇ, ಇದಕ್ಕೆ ವಿವರಣೆ ಏನು ಬೇಕು, ಮೂರನೇ ಕ್ಲಾಸಿನ ಮಗು ತಾನೇ ಹುಡುಕುತ್ತದೆ, ಕೆಳಗಿನ ಎರಡು ಸಾಲು ಸ್ವಲ್ಪ ಕಳ್ಳ ಪ್ರಾಸ, ಕಲ್ಲೂ ಇಲ್ಲೀ, ಕೊನೆಯ ಸ್ವರ ಬೇರೆ ಆದರೂ ಲಕಾರದ ಒತ್ತು ಒಂದೇ, ಕಿವಿ ಒಪ್ಪಿಕೊಂಡರೆ ಆಯಿತು, ಎಲ್ಲೀ ಇಲ್ಲೀ ಅಂತೂ ಎಲ್ಲರೂ ಮೆಚ್ಚಿದ್ದು, ಮೊದಲ ಮುದ್ರಣ ಬಂದಾಗ ಕಾಶಿನಾಥ ಫೋನ್ ಮಾಡಿ ಆ ಕೊನೇ ಸಾಲು ಸೂಪರ್ ಮೇಡಂ, ಮಕ್ಕಳು ಕುಣೀತಾರೆ ಅಂದ, ಕುಣಿದರು ಕೂಡ, ಸ್ಕೂಲ್ ಡೇ ದಿನ ಹಸಿರು ಕಾಗದದ ರೆಕ್ಕೆ ಕಟ್ಟಿಕೊಂಡು ಮೂವತ್ತು ಗಿಳಿಗಳು ಕುಣಿದವು, ನಾನು ಮುಂದಿನ ಸಾಲಿನಲ್ಲಿ ಕೂತು ಕಾಲಲ್ಲಿ ತಾಳ ಹಾಕಿದೆ. ಈಗ ಲಯ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಕೆಂಪನೆ ನಾಲ್ಕು ಮೂಗಿನ ನಾಲ್ಕು ಕಳ್ಳರ ನಾಲ್ಕು ದಂಡೇ ನಾಲ್ಕು, ಸಾಲಿಗೆ ಹದಿನಾರು, ಎಲ್ಲೂ ಹೆಚ್ಚುಕಮ್ಮಿಯಿಲ್ಲ, ನೆಟ್ಟಗೆ ಬರೆಯಲು ಬಾರದ ಹದಿಮೂರು ವರ್ಷದ ಹುಡುಗಿ, ನಮ್ಮಕ್ಕ, ಕಟ್ಟಿದ ಸಾಲು, ತಕ್ಕಡಿಯಲ್ಲಿ ತೂಗಿದ ಹಾಗಿದೆ, ನನಗೋ ಈ ಲೆಕ್ಕ ಹಿಡಿದು ಈಗ ರೋಗವಾಗಿದೆ, ರಿಟೈರ್ ಆದಮೇಲಂತೂ ಕಿವಿಗೆ ಬಿದ್ದದ್ದಕ್ಕೆಲ್ಲ ಪ್ರಸ್ತಾರ ಹಾಕುತ್ತೇನೆ, ಲುಬ್ನಾ ಮೇಡಂ ನೀರು ಬಂತು ಎಂದರೆ ನಾಲ್ಕು ಮೂರು ಮೂರು, ಅವಳಿಗೆ ಬಂತಾ ಥ್ಯಾಂಕ್ಸಮ್ಮ ಎಂದು ಉತ್ತರ ಕೊಟ್ಟು ಕೊಡ ಇಟ್ಟು ಬಂದರೆ ಆ ದಿನ ನಾನು ಆಡುವ ಮಾತು ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು, ಕೆಲವು ದಿನ ಹಾಲಿನವನ ಹತ್ತಿರ ಬೇಕೆಂದೇ ಚಿಲ್ಲರೆಗೆ ಜಗಳ ತೆಗೆಯುತ್ತೇನೆ, ಎರಡು ಮಾತು ಜಾಸ್ತಿ ಆಗಲಿ ಎಂದು, ನಾಚಿಕೆಯಾಗುತ್ತದೆ, ಆದರೂ ತೆಗೆಯುತ್ತೇನೆ. ನಾಲ್ಕನೇ ಸಾಲಿಗೆ ಬಂದೆ, ಅಕ್ಕಾ ನಾಲ್ಕು, ಎಲ್ಲೀ ನಾಲ್ಕು, ಅಲ್ಲಿಗೆ ಎಂಟು, ಅಷ್ಟೇ, ಆ ಸಾಲು ಅಲ್ಲಿಗೇ ಮುಗಿಯುತ್ತಿತ್ತು, ಮುಗಿಯುತ್ತಿರಲಿಲ್ಲ, ಅಲ್ಲಿ ನಾವು ಬಾಯಿ ಮುಚ್ಚಿ ಕಾಯುತ್ತಿದ್ದೆವು. ಪೆನ್ಸಿಲ್ ಬೆಳಿಗ್ಗೆಯಿಂದ ಇಲ್ಲೇ ನಿಂತಿರುವುದು.

ಏರ್‌ಫೋರ್ಸಿನ ವಿಮಾನ, ಕಿಟಕಿ ಗಾಜು ನಡುಗಿತು, ಮಗು ಮೆಟ್ಟಿಲ ಮೇಲೆ ಪದ್ಯ ನಿಲ್ಲಿಸಿ ಅದು ಹೋಗುವ ತನಕ ಕಾಯಿತು, ಯಲಹಂಕದ ಮಕ್ಕಳಿಗೆ ಇದು ಯಾರೂ ಹೇಳಿಕೊಡದೆ ಬರುತ್ತದೆ, ಮಾತಿನ ಮಧ್ಯೆ ವಿಮಾನಕ್ಕೆ ಜಾಗ ಬಿಡುವುದು, ನಾವೂ ಬಿಡುತ್ತಿದ್ದೆವು, ಪುಟ್ಟೇನಹಳ್ಳಿ ಕೆರೆಯ ಆಚೆ ನಮ್ಮ ದ್ರಾಕ್ಷಿ ತೋಟದಲ್ಲಿ, ಅಪ್ಪ ಆಂಜಿನಪ್ಪ ಕಲ್ಲುಕಂಬ ನೆಟ್ಟು ತಂತಿ ಬಿಗಿದು ಎಬ್ಬಿಸಿದ ಚಪ್ಪರ, ಹಣ್ಣು ಬಣ್ಣಕ್ಕೆ ತಿರುಗಿತೆಂದರೆ ಕೆರೆ ಏರಿಯ ಮರಗಳಿಂದ ಗಿಳಿಗಳ ದಂಡು ಬರುತ್ತಿತ್ತು, ಗಿಳಿ ಕಾಯುವುದು ನಮ್ಮಿಬ್ಬರ ಕೆಲಸ, ನನಗೆ ಒಂಬತ್ತು, ಬೈರಕ್ಕನಿಗೆ ಹದಿಮೂರು, ನನ್ನ ಸ್ವಂತ ಅಕ್ಕ, ಬೈರಮ್ಮ, ಸ್ಕೂಲು ಬಿಡಿಸಿಯಾಗಿತ್ತು ಅವಳಿಗೆ, ನಾನು ಸ್ಕೂಲಿನಿಂದ ಬಂದು ಸೇರಿಕೊಳ್ಳುತ್ತಿದ್ದೆ, ಅವಳು ಕೆರೆ ಕಡೆಯ ತುದಿ, ನಾನು ಬಾವಿ ಕಡೆಯ ತುದಿ, ಆಳಿಗೊಂದು ಸೀಮೆಎಣ್ಣೆ ಡಬ್ಬ, ಒಂದು ಕೋಲು, ಚಪ್ಪರದಡಿ ಹೊಕ್ಕರೆ ಎಲೆ ಕವಿದು ನಾಲ್ಕು ಕಂಬದಾಚೆ ಏನೂ ಕಾಣದು, ಕತ್ತಲೆಂದರೆ ಕತ್ತಲೂ ಅಲ್ಲ, ಹಸಿರು ನೀರಿನೊಳಗೆ ಇದ್ದ ಹಾಗೆ, ಅದರೊಳಗೆ ನಾಗರಹಾವು ಎರಡು ಸಲ ಸಿಕ್ಕಿತ್ತು, ಅದಕ್ಕೇ ಅಪ್ಪ ಹೇಳಿದ್ದು, ಒಬ್ರುಗೊಬ್ರು ಕೂಗ್ಕೊಂತಿರ್ರಿ, ಸದ್ದು ಬರ್ಲಿಲ್ಲ ಅಂದ್ರೆ ಓಡೋಗಿ ನೋಡ್ರಿ. ಬರೀ ಕೂಗುವುದು ಬೈರಕ್ಕನಿಗೆ ಬೇಸರ, ಒಂದು ವಾರದಲ್ಲಿ ಮೂರು ಸಾಲು ಕಟ್ಟಿದಳು, ಡಬ್ಬ ಬಡಿಯುತ್ತ ಬಡಿಯುತ್ತ, ನಾಲ್ಕನೆಯ ಸಾಲಿನಲ್ಲಿ ನಾನು ಅಕ್ಕಾ ಎಲ್ಲೀ ಎಂದು ಕೂಗಿ ಕೋಲು ಮೇಲೆತ್ತಿ ನಿಲ್ಲಬೇಕು, ಬಡಿಯಕೂಡದು, ಉಳಿದ ಎಂಟು ಮಾತ್ರೆ ಅವಳದ್ದು, ಅಲ್ಲಿ ಏನು ಬರುತ್ತದೋ ಯಾರಿಗೂ ಗೊತ್ತಿಲ್ಲ, ಬದುಕಿವ್ನಿ ಕಣೇ, ಒಂದೊಂದು ದಿನ ನಿದ್ದೆ ಬತ್ತಾದೆ, ಒಂದೊಂದು ದಿನ ಬಾಯ್ ಮುಚ್ಚೇ, ಒಮ್ಮೆ ಬರೀ ಕೆಮ್ಮು, ಕೆಮ್ಮೂ ತಾಳಕ್ಕೆ ಸರಿಯಾಗಿ ಬಿತ್ತು. ಆಮೇಲಿನ ಸುತ್ತು ಅವಳದ್ದು, ಪದ್ಯ ಅವಳು ಹೇಳಿ ಜ್ಯೋತೀ ಎಲ್ಲೀ ಎಂದು ನಿಲ್ಲುವುದು, ಉತ್ತರ ನನ್ನದು, ನನಗೆ ತಟ್ಟನೆ ಹೊಳೆಯುತ್ತಿರಲಿಲ್ಲ, ಆಗಲೂ ನಾನು ನಿಧಾನವೇ, ಕೂಗ್ದೆ ಕೂಗ್ದೆ ಎಂದು ಏನೋ ಒಂದು ಒದರುತ್ತಿದ್ದೆ. ಹೀಗೆ ಸಂಜೆ ದೀಪ ಹಚ್ಚುವ ಹೊತ್ತಿನ ತನಕ ನೂರು ಸಲವೋ ಇನ್ನೂರು ಸಲವೋ, ದಿನಾ.

ಪುನರಾವರ್ತನೆ ಎಂದರೆ ಇದು, ಶಿಕ್ಷಕರಿಗೆ ಇದನ್ನು ಹೇಗೆ ಬರೆಯಲಿ, ಒಂದೇ ಮಾತು ಮತ್ತೆ ಮತ್ತೆ ಬರುವುದರಿಂದ ಪದ್ಯಕ್ಕೆ ಸೊಗಸು ಬರುತ್ತದೆ ಎಂದು ಬರೆದು ಹೊಡೆದುಹಾಕಿದೆ, ಸೊಗಸಿಗಾಗಿ ಯಾರು ಕೂಗಿದರು, ಇನ್ನೂ ಇದ್ದೀಯಾ ಎಂದು ಕೇಳುವುದಕ್ಕೆ ಕೂಗಿದ್ದು. ಅಂಥ ಜಾಗಕ್ಕೆ ನಾನು ಇಲ್ಲೇ ಇಲ್ಲೀ ಎಂದು ತುಂಬಿ, ಪ್ರಾಸ ಬಂತು, ಮಾತ್ರೆ ಕೂಡಿತು ಎಂದು ಅಚ್ಚು ಹಾಕಿಸಿ, ಹೊಸ ಪುಸ್ತಕ ಬ್ಯಾಗಿನಲ್ಲಿಟ್ಟುಕೊಂಡು ಬಾಗಲೂರಿಗೆ ಬಸ್ಸು ಹತ್ತಿದೆ, ಎಂಟು ವರ್ಷವಾಯಿತು, ಅಕ್ಕನನ್ನು ಕೊಟ್ಟಿದ್ದು ಬಾಗಲೂರಿಗೆ, ಹಳೇ ಊರಿನ ಬೀದಿಯಲ್ಲಿ ಅವಳ ಮನೆ, ದಾರಿಯಲ್ಲಿ ಸ್ವೀಟು ಕಟ್ಟಿಸಿಕೊಂಡೆ, ಅವಳು ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತ ಕೂತಿದ್ದಳು, ಬಾರೇ ಅಂದಳು, ಮುಖ ಅರಳಿತು, ಆ ಅರಳಿದ ಮುಖ ಚೆನ್ನಾಗಿ ನೆನಪಿದೆ, ಮೊಮ್ಮಗಳು ಮೋನಿಷಾ ಆಗ ಮೂರನೇ ಕ್ಲಾಸು, ಅವಳ ಕೈಗೆ ಪುಸ್ತಕ ಕೊಟ್ಟು ಓದು ಅಜ್ಜಿಗೆ ಅಂದೆ, ಮಗು ಓದಿತು, ಮೊದಲ ಸಾಲಿಗೇ ಅಕ್ಕನ ಕೈ ನಿಂತಿತು, ಎರಡನೆಯದಕ್ಕೆ ನಕ್ಕಳು, ಮೂರನೆಯದನ್ನು ಮಗುವಿನ ಜೊತೆ ತಾನೂ ಹೇಳಿದಳು, ನಾಲ್ಕನೆಯದಕ್ಕೆ ಅಕ್ಕಾ ಎಲ್ಲೀ ಎಂದು ಮಗು ಅಂದಾಗ ಬಾಯಿ ತೆರೆದಳು, ಉತ್ತರ ಕೊಡುವುದಕ್ಕೆ, ನಾನು ನೋಡಿದೆ, ತೆರೆದದ್ದನ್ನು ನಾನು ನೋಡಿದೆ, ಅಷ್ಟರಲ್ಲಿ ಮಗು ಇಲ್ಲೇ ಇಲ್ಲೀ ಎಂದು ಓದಿ ಮುಗಿಸಿ ಪುಟ ತಿರುಗಿಸಿತು. ಅಕ್ಕ ಬಾಯಿ ಮುಚ್ಚಿ ಅವರೆಕಾಯಿಗೆ ಕೈ ಹಾಕಿದಳು. ಹೇಗಿದೆಯಕ್ಕ ಅಂದೆ, ದಡ್ಡಿ ನಾನು, ಸುಮ್ಮನಿರಬಾರದೇ, ಎಂಟು ಮಾತ್ರೆ ಕಮ್ಮಿ ಬೀಳ್ತಿತ್ತು, ಅದಕ್ಕೆ ಅದನ್ನ ಸರಿ ಮಾಡ್ದೆ ಅಂತಲೂ ಅಂದೆ, ಸರಿ ಮಾಡಿದೆ ಎಂಬ ಮಾತನ್ನೇ ಆಡಿದೆ, ಇನ್ಮೇಲೆ ಇದು ಎಲ್ಲಾರ್ದೂ, ಜನಪದ ಅಂತೇಳಿ ಹಾಕಿದೀನಿ ಅಂದೆ. ಅವಳು ಎರಡು ಮೂರು ಕಾಯಿ ಬಿಡಿಸಿದಳು, ಬೀಜ ಮೊರಕ್ಕೆ, ಸಿಪ್ಪೆ ಆಚೆಗೆ. ನಾನ್ ಇವ್ನಿ ಅಂತ ನೀನೇ ಯೇಳ್ಬುಟ್ಟಿದ್ಯಲ್ಲ ಜ್ಯೋತಿ, ಇನ್ ನಾನ್ಯಾಕ್ ಇರ್ಬೇಕು. ಸಿಟ್ಟಿನಿಂದ ಅಲ್ಲ, ಅವರೆಕಾಯಿ ಈ ಸಲ ಸೊನೆ ಇಲ್ಲ ಎಂದು ಹೇಳಿದ ಹಾಗೆ ಹೇಳಿದಳು, ಊಟ ಹಾಕಿದಳು, ಬಸ್ಸಿಗೆ ಬಂದು ಹತ್ತಿಸಿದಳು.

ಅಲ್ಲಿಂದಾಚೆಗೆ ಅವಳಾಗಿ ಒಮ್ಮೆಯೂ ಫೋನ್ ಮಾಡಲಿಲ್ಲ, ನಾನು ಮಾಡಿದರೆ ಹೂಂ, ಉಂಡೆ, ಮಳೆ ಇಲ್ಲ, ಇಡ್ತೀನಿ, ಎಂಬಷ್ಟು, ಆಮೇಲಾಮೇಲೆ ಫೋನನ್ನು ಸೊಸೆಯ ಕೈಗೋ ಮೋನಿಷಾಳ ಕೈಗೋ ಕೊಟ್ಟುಬಿಡುವಳು, ಆಮೇಲೆ ನಾನೂ ಬಿಟ್ಟೆ, ನಾನೇನು ಕೊಲೆ ಮಾಡಿದ್ದೀನಾ, ಒಂದು ಮಕ್ಕಳ ಪದ್ಯದ ಅರ್ಧ ಸಾಲು, ಇಷ್ಟಕ್ಕೆ ಯಾರಾದರೂ ಒಡಹುಟ್ಟಿದವಳ ಹತ್ತಿರ ಮಾತು ಬಿಡುತ್ತಾರಾ, ಎಂದು ನನಗೆ ನಾನೇ ವಾದ ಹೂಡಿ ಗೆದ್ದೆ, ಪ್ರತಿ ಸಲವೂ ಗೆದ್ದೆ, ಎದುರಾಳಿ ಇಲ್ಲದಾಗ ಗೆಲ್ಲುವುದೇನು ಕಷ್ಟ. ಇಲ್ಲಿಂದ ಬಾಗಲೂರಿಗೆ ಮುಕ್ಕಾಲು ಗಂಟೆ, ಮನೆ ಮುಂದಿನ ಸ್ಟಾಪಿನಿಂದಲೇ ಬಸ್ಸಿದೆ, ಎಂಟು ವರ್ಷ ಆ ಬಸ್ಸು ಹೋಗುವುದನ್ನು ಬಾಲ್ಕನಿಯಿಂದ ನೋಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಕರಡು ಬಿಡಿಸಿದಾಗ ಮೊದಲು ಮಾಡಿದ ಕೆಲಸ ಇಲ್ಲೇ ಇಲ್ಲೀಯನ್ನು ಗೀಟು ಹೊಡೆದದ್ದು, ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಹೊಡೆಯಿತು, ಜನಪದವನ್ನೂ ಹೊಡೆದು ಮೇಲೆ ರಚನೆ ಬೈರಮ್ಮ ಎಂದು ಬರೆದೆ, ಫೋಟೋ ತೆಗೆದು ಕಳಿಸಿದೆ, ಕಾಶಿನಾಥ ಐದೇ ನಿಮಿಷದಲ್ಲಿ ಫೋನ್ ಮಾಡಿದ, ಮೇಡಂ ಅರ್ಧ ಸಾಲು ಖಾಲಿ ಬಿಟ್ರೆ ಟೀಚರ್ಸೆಲ್ಲ ಪ್ರಿಂಟಿಂಗ್ ಮಿಸ್ಟೇಕು ಅಂತ ಫೋನ್ ಮಾಡ್ತಾರೆ, ಬೇಕಾದ್ರೆ ಆ ಜಾಗಕ್ಕೆ ಒಂದು ಗಿಳಿ ಚಿತ್ರ ಹಾಕ್ಸೋಣ ಅಂದ, ಬೇಡ, ಗಿಳಿಯೂ ಬೇಡ, ಚುಕ್ಕಿಯೂ ಬೇಡ, ಖಾಲಿ ಎಂದರೆ ಖಾಲಿ ಅಂದೆ, ಸರಿ ಎಂದು ನಿಟ್ಟುಸಿರು ಬಿಟ್ಟ, ಆದರೆ ಹೆಸ್ರು ಬದ್ಲಾಯಿಸೋದಾದ್ರೆ ಅವ್ರ ಒಪ್ಪಿಗೆ ಬೇಕು ಮೇಡಂ, ಫೋನಲ್ಲಿ ಒಂದು ಮಾತು ಹೂಂ ಅಂದ್ರೂ ಸಾಕು, ನಾಲ್ಕರೊಳಗೆ ತಿಳಿಸಿ, ಇಲ್ಲಾಂದ್ರೆ ಹಳೇದೇ ಹೋಗುತ್ತೆ. ಹಳೆಯದೇ ಹೋಗುತ್ತೆ, ಇನ್ನೈದು ವರ್ಷ ಎಲ್ಲ ಸ್ಕೂಲಿನಲ್ಲಿ ಇಲ್ಲೇ ಇಲ್ಲೀ, ಅದಕ್ಕಿಂತ ಕಷ್ಟದ್ದು ಆ ಒಂದು ಹೂಂ, ಅದನ್ನು ಅವಳ ಬಾಯಿಂದ ತರಿಸಬೇಕು. ಅದೇ ಪುಟದ ಫೋಟೋ ಮೋನಿಷಾಳಿಗೆ ಕಳಿಸಿದೆ, ಹದಿನಾರಾಗಿದೆ ಈಗ, ಪಿಯುಸಿ, ಅಜ್ಜಿಗೆ ಓದಿ ಹೇಳಮ್ಮ, ಒಪ್ಪಿಗೆಯಾ ಕೇಳು ಎಂದು ಬರೆದೆ, ಒಂದು ಗಂಟೆಗೆ ಉತ್ತರ ಬಂತು, ಓದಿ ಹೇಳ್ದೆ ಚಿಕ್ಕಜ್ಜಿ, ಅಜ್ಜಿ ಏನೂ ಹೇಳ್ಲಿಲ್ಲ.

ಏನೂ ಹೇಳಲಿಲ್ಲ, ಏನೂ ಎಂದರೆ ಎಷ್ಟು ಮಾತ್ರೆ, ಎರಡೂ ಗುರು, ನಾಲ್ಕು, ಥೂ, ಸಾಕು ಈ ಲೆಕ್ಕ. ಎದ್ದು ಅನ್ನಕ್ಕಿಡಬೇಕು, ಇಡುವುದಿಲ್ಲ, ಒಬ್ಬಳಿಗೆ ಒಂದು ಲೋಟ ಅಕ್ಕಿ ತೊಳೆಯುವಾಗ ಪಾತ್ರೆಯೇ ನಗುತ್ತದೆ, ಮೊಸರವಲಕ್ಕಿ ತಿಂದರಾಯಿತು, ಮೆಟ್ಟಿಲ ಮೇಲೆ ಮಗು ಇನ್ನೂ ಬಿಟ್ಟಿಲ್ಲ, ಅಕ್ಕಾ ಎಲ್ಲೀ ಎನ್ನುವಾಗ ದನಿ ಸಣ್ಣ ಮಾಡುತ್ತದೆ, ಇಲ್ಲೇ ಇಲ್ಲೀ ಎನ್ನುವಾಗ ದಪ್ಪ, ಯಾರು ಹೇಳಿಕೊಟ್ಟರು, ಒಬ್ಬಳೇ ಇಬ್ಬರಾಗುತ್ತಿದೆ, ದಪ್ಪ ದನಿ ಒಬ್ಬಳು, ಸಣ್ಣ ದನಿ ಒಬ್ಬಳು — ತಡಿ, ತಡಿ, ಈ ಎರಡು ದನಿ ನನಗೆ ಗೊತ್ತು, ಇದನ್ನು ನಾನು ಎಲ್ಲೋ ಕೇಳಿದ್ದೇನೆ, ಕೇಳಿದ್ದಲ್ಲ, ಮಾಡಿದ್ದೇನೆ. ಅಕ್ಕನ ಮದುವೆಯಾಗಿ ಮೂರನೇ ದಿನವೋ ನಾಲ್ಕನೇ ದಿನವೋ, ಅವಳಿಗೆ ಹದಿನಾರು, ನನಗೆ ಹನ್ನೆರಡು, ಚಪ್ಪರದ ತುಂಬ ಹಣ್ಣು, ಬೆಳಿಗ್ಗೆ ಅಪ್ಪ ಡಬ್ಬ ನನ್ನ ಕೈಗೆ ಕೊಟ್ಟು, ಕೆರೆ ಕಡೆಯ ಡಬ್ಬವನ್ನೂ ಕೊಟ್ಟು, ಎರಡೂ ಕಡೆ ನೀನೇ ನೋಡ್ಕೋಬೇಕು ಕಣವ್ವ ಅಂದ, ನಾನು ಬಾವಿ ಕಡೆ ನಿಂತು ಮೂರು ಸಾಲು ಬಡಿದೆ, ಅಭ್ಯಾಸ, ಅಕ್ಕಾ ಎಲ್ಲೀ ಎಂದು ಕೂಗಿಬಿಟ್ಟೆ, ಕೋಲು ಎತ್ತಿ ನಿಂತೆ, ಏನೂ ಬರಲಿಲ್ಲ, ಎಲೆಯೊಳಗೆ ಗಿಳಿ ಹಣ್ಣು ಕುಟುಕುವ ಸದ್ದು ಮಾತ್ರ, ಸದ್ದು ಬರದಿದ್ದರೆ ಓಡಿಹೋಗಿ ನೋಡಬೇಕು, ಅದೇ ತಾನೇ ಕಟ್ಟಳೆ, ಓಡಿದೆ, ತಲೆ ಬಗ್ಗಿಸಿಕೊಂಡು ಚಪ್ಪರದಡಿ ಆ ತುದಿ ಮುಟ್ಟುವ ತನಕ ಓಡಿದೆ, ಅಲ್ಲಿ ಯಾರೂ ಇಲ್ಲ ಎಂದು ಗೊತ್ತಿದ್ದೇ ಓಡಿದೆ, ಏದುಸಿರು ಬಿಡುತ್ತ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ನಾನೇ, ದನಿ ದಪ್ಪ ಮಾಡಿಕೊಂಡು, ಇಲ್ಲೇ ಇಲ್ಲೀ. ಆ ಸುಗ್ಗಿಯಿಡೀ ಹಾಗೆ ಮಾಡಿದೆ, ಈ ತುದಿಯಲ್ಲಿ ಕೂಗುವುದು, ಆ ತುದಿಗೆ ಓಡುವುದು, ಉತ್ತರ ಕೊಡುವುದು, ಇಬ್ಬರಿದ್ದೇವೆಂದು ಗಿಳಿಗಳು ನಂಬಲಿ ಎಂದು ಅಪ್ಪನಿಗೆ ಹೇಳಿದೆ, ಅಪ್ಪ ಬುದ್ಧಿವಂತೆ ಎಂದು ತಲೆ ಸವರಿದ. ಮಾತ್ರೆ ಕಮ್ಮಿ ಬಿತ್ತು ಎಂದು ತುಂಬಿದ್ದಲ್ಲ ಅದು, ಪ್ರಾಸಕ್ಕೆ ತುಂಬಿದ್ದಲ್ಲ, ಆಗ ನನಗೆ ಮಾತ್ರೆ ಎಲ್ಲಿ ಗೊತ್ತಿತ್ತು, ಇಷ್ಟು ವರ್ಷ ನನಗೇ ಮರೆತುಹೋಗಿತ್ತು, ಛಂದಸ್ಸು ಕಲಿತೆ, ಕಲಿಸಿದೆ, ಅದರ ಕೆಳಗೆ ಇದು ಹೂತುಹೋಗಿ ನನ್ನ ಪಾಂಡಿತ್ಯದ ಹಾಗೆ ಕಾಣಿಸಿತು, ಅವಳಿಗೂ ಪಾಂಡಿತ್ಯವನ್ನೇ ಹೇಳಿ ಬಂದೆ.

ಅವಳಿಲ್ಲದ್ದಕ್ಕೆ ಅವಳ ಮಾತು ನಾನಾಡಿದೆ ಎಂದು ಹೇಳಿದ್ದರೆ ಅವತ್ತು ಅವಳು ಏನನ್ನುತ್ತಿದ್ದಳೋ, ಆದರೆ ಕಾಯುವುದು ಏನೆಂದು ನನಗಿಂತ ಅವಳಿಗೆ ಮೊದಲೇ ಗೊತ್ತಿತ್ತು, ನಾನೇ ಕಲಿಸಿದ್ದೆ, ಒಂದು ಮಧ್ಯಾಹ್ನ ಕಿತಾಪತಿಗೆ, ಅವಳ ಸುತ್ತು, ಜ್ಯೋತೀ ಎಲ್ಲೀ ಎಂದು ಕೂಗಿದಳು, ನಾನು ಉತ್ತರ ಕೊಡಲಿಲ್ಲ, ಡಬ್ಬ ಸದ್ದಾಗದಂತೆ ಕೆಳಗಿಟ್ಟು ಕಂಬದಿಂದ ಕಂಬಕ್ಕೆ ಕಳ್ಳಹೆಜ್ಜೆ ಇಟ್ಟು ಹೋದೆ, ಹೆದರಿಸೋಣ ಎಂದು, ಎಲೆ ಸರಿಸಿ ನೋಡಿದರೆ ಅವಳು ಕೊನೆಯ ಕಲ್ಲುಕಂಬದ ಹತ್ತಿರ ನಿಂತಿದ್ದಾಳೆ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಕಣ್ಣು ಎಲ್ಲಿಯೂ ಇಲ್ಲ, ಇಡೀ ಮೈ ಆ ಕಿವಿಯೊಳಗೆ ಹೋಗಿಬಿಟ್ಟಿದೆ, ನಾನು ಭೋ ಎನ್ನಬೇಕಿತ್ತು, ಅನ್ನಲಿಲ್ಲ, ನೋಡುತ್ತ ನಿಂತೆ, ನನಗೋಸ್ಕರ ಒಬ್ಬರು ಅಷ್ಟು ಕಾಯುವುದು ನೋಡಲು ಚೆನ್ನಾಗಿತ್ತು, ಆಮೇಲೆ ಅವಳು ಓಡಿಬಂದು ನನ್ನನ್ನು ಕಂಡು ಕೆನ್ನೆಗೆ ಒಂದು ಬಿಟ್ಟಳು, ಬಿಟ್ಟು ತಾನೇ ಅತ್ತಳು. ಅದಾದ ಮೇಲೆ ಯಾರು ನನಗೆ ಹಾಗೆ ಕಾದರು, ಮದುವೆ ನಾನೇ ಬೇಡವೆಂದೆ, ಸ್ಕೂಲಿನಲ್ಲಿ ಹಾಜರಿ ನಾನು ಕೂಗುತ್ತಿದ್ದೆ, ಮಕ್ಕಳು ಪ್ರೆಸೆಂಟ್ ಮಿಸ್ ಎನ್ನುತ್ತಿದ್ದರು, ನನ್ನ ಹಾಜರಿ ಕೂಗುವವರು ಇರಲಿಲ್ಲ, ಬೀಳ್ಕೊಡುಗೆಯ ದಿನ ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟರು, ಅದೀಗ ಮೂರೂ ಇಪ್ಪತ್ತು ತೋರಿಸುತ್ತಿದೆ, ಕಾಶಿನಾಥನಿಗೆ ಇನ್ನು ನಲವತ್ತು ನಿಮಿಷ.

ಫೋನ್ ರಿಂಗಾಗುತ್ತಿದೆ, ಯಾವಾಗ ಒತ್ತಿದೆ, ಒತ್ತಿಬಿಟ್ಟಿದ್ದೇನೆ, ಹಲೋ ಚಿಕ್ಕಜ್ಜಿ ಎಂದಳು ಮೋನಿಷಾ, ಅಜ್ಜಿ ಇಲ್ಲೇ ಕೂತಿದಾರೆ, ಆದ್ರೆ ಮಾತಾಡಲ್ವಂತೆ, ತಲೆ ಆಡಿಸ್ತಿದಾರೆ, ಸ್ಪೀಕರಿಗೆ ಹಾಕಮ್ಮ ಅಂದೆ, ಅಜ್ಜಿ ಹತ್ರ ಇಟ್ಟು ಸುಮ್ನಿರು, ಏನೂ ಹೇಳ್ಬೇಡ, ಫೋನು ನೆಲದ ಮೇಲೆ ಇಟ್ಟ ಸದ್ದು, ಆಮೇಲೆ ಅವರ ಮನೆಯ ಸದ್ದು, ಕೋಳಿ, ದೂರದಲ್ಲಿ ಯಾವುದೋ ಲೇಔಟಿನಲ್ಲಿ ಕಬ್ಬಿಣ ಕೊಯ್ಯುವ ಮಷೀನು, ಅಕ್ಕನ ಉಸಿರು ಇರಬೇಕು ಅದರೊಳಗೆ, ಇದ್ದೇ ಇದೆ. ಪದ್ಯ ಹೇಳೋಣ ಎಂದುಕೊಂಡಿದ್ದೆ, ಮೂರು ಸಾಲು ಹೇಳಿ ಅಕ್ಕಾ ಎಲ್ಲೀ ಎಂದು ನಿಲ್ಲೋಣ, ಅವಳ ಜಾಗ ಅವಳಿಗೆ ಬಿಟ್ಟುಕೊಡೋಣ, ಚೆನ್ನಾಗಿ ಯೋಚಿಸಿದ್ದೆ, ಬಾಯಿಗೆ ಬಂದದ್ದು ಬೇರೆ, ಅಕ್ಕ, ಮಾತ್ರೆ ಕಮ್ಮಿ ಬಿತ್ತು ಅಂತ ಅವತ್ತು ಹೇಳಿದ್ದು ಸುಳ್ಳು, ನೀನು ಮದ್ವೆ ಆಗಿ ಹೋದ್ಮೇಲೆ ತೋಟದಲ್ಲಿ ನಾನೊಬ್ಳೇ ಎರಡೂ ಕಡೆ ಓಡಾಡ್ಕೊಂಡು ಕೂಗ್ತಿದ್ದೆ, ನಿನ್ ಥರಾನೇ ದನಿ ಮಾಡ್ಕೊಂಡು ಉತ್ರ ಕೊಡ್ತಿದ್ದೆ, ಅದೇ ಅದು, ನೀನಿಲ್ದೇ ಇದ್ದಿದ್ದಕ್ಕೆ ಅಕ್ಕ. ಹೇಳಿ ಮುಗಿಸಿದೆ, ಪೆನ್ಸಿಲ್ ಉರುಳಿ ಮೇಜಿನಾಚೆ ಬಿತ್ತು, ಆ ಕಡೆ ಕೋಳಿ, ಕಬ್ಬಿಣ, ಬಳೆ ಸದ್ದಾಯಿತು, ಎದ್ದಳಾ, ಕಾಲೆಳೆದು ನಡೆದ ಸದ್ದು, ದೂರ ದೂರ, ಚಿಕ್ಕಜ್ಜಿ, ಮೋನಿಷಾಳ ದನಿ ಸಣ್ಣದಾಗಿದೆ, ಅಜ್ಜಿ ಎದ್ದು ಆಚೆ ಹೋಗ್ಬಿಟ್ರು.

ಹೋಗಲಿ, ಎಂಟು ವರ್ಷ ತಡವಾಯಿತು, ಯಾಕೆ ಕೂರಬೇಕು ಅವಳು, ಕಾಶಿನಾಥನಿಗೆ ಹೇಳಿಬಿಡುತ್ತೇನೆ, ಆ ಪದ್ಯವನ್ನೇ ತೆಗೆದುಬಿಡಪ್ಪ, ಅದರ ಜಾಗಕ್ಕೆ ಬೇಕಾದರೆ ನಿನ್ನ ಗಿಳಿ ಚಿತ್ರ ಹಾಕಿಕೋ, ಇಡುತ್ತೇನಮ್ಮ ಮೋನಿಷಾ ಅಂದೆ, ಇರಿ ಇರಿ ಚಿಕ್ಕಜ್ಜಿ ಅಂದಳು, ಅಜ್ಜಿ ಹಿತ್ತಲ ಕೊನೇಗೆ ಹೋಗಿ ಕಾಂಪೌಂಡ್ ಹತ್ರ ನಿಂತ್ಕೊಂಡಿದಾರೆ, ಈ ಕಡೆ ತಿರುಗಿ, ಫೋನ್ ಎತ್ಕೊಂಡ್ ಹೋಗ್ಲಾ, ಬೇಡ, ಬೇಡ ಕಣೇ, ಅಲ್ಲೇ ಇರ್ಲಿ — ಹತ್ತಿರ ಕೂತು ಆ ಪದ್ಯ ಕೂಗಲಾಗುವುದಿಲ್ಲ, ಅದಕ್ಕೆ ದೂರ ಬೇಕು, ಒಂದು ತೋಟದಷ್ಟು ದೂರ, ಅಷ್ಟರಲ್ಲಿ ಬಂತು, ಕಬ್ಬಿಣದ ಸದ್ದನ್ನು ದಾಟಿ, ಅರವತ್ತಮೂರು ವರ್ಷದ ಒಡಕು ಗಂಟಲು, ಕೆಂಪನೆ ಮೂಗಿನ, ಉಸಿರು ತೆಗೆದುಕೊಂಡಳು, ಕಳ್ಳರ ದಂಡೇ, ಒಂದಕ್ಷರ ಬಿಡದೆ, ಎರಡನೇ ಸಾಲು, ಮೂರನೆಯದು, ಒಂದೇ ಕಲ್ಲೂ ಎನ್ನುವಾಗ ಕೆಮ್ಮು ಬಂತು, ತಡೆದುಕೊಂಡಳು, ಆಮೇಲೆ ನಾಲ್ಕನೆಯದು, ಜ್ಯೋತೀ ಎಲ್ಲೀ.

ನನ್ನದು, ಈಗ ನನ್ನದು, ಎಂಟು ಮಾತ್ರೆ, ಏನು ಹೇಳಲಿ, ಇಲ್ಲಿದ್ದೇನೆ, ಎಲ್ಲಿ, ಮಹಡಿಯ ಮೇಲೆ, ಒಂದು ಲೋಟ ಅಕ್ಕಿ, ಒಂದು ಮೇಜು, ಅದನ್ನು ಇದ್ದೇನೆ ಎಂದು ಕೂಗಿ ಹೇಳುವುದು ಹೇಗೆ, ಮೂವತ್ತೊಂದು ವರ್ಷ ಬೇರೆಯವರ ಸಾಲು ತುಂಬಿಸಿದ ಬಾಯಿ, ಒಂದು, ಎರಡು, ಬೆರಳು ತಾನೇ ಎಣಿಸುತ್ತಿದೆ, ಮೂರು, ನಾಲ್ಕು, ಐದು, ಚಿಕ್ಕಜ್ಜಿ ಹೇಳಿ, ಅಜ್ಜಿ ಕಾಯ್ತಿದಾರೆ, ಆರು, ಏಳು, ಗೊತ್ತಮ್ಮ, ಗೊತ್ತು, ಹೇಗೆ ಕಾಯುತ್ತಿದ್ದಾಳೆ ಎಂದು ನೀನು ಹೇಳಬೇಕಾಗಿಲ್ಲ, ನನಗೆ ಕಾಣುತ್ತಿದೆ, ಎಂಟು, ಕಿವಿಯ ಹಿಂದೆ ಅಂಗೈ, ಬಾಯಿ ಸ್ವಲ್ಪ ತೆರೆದಿದೆ, ಒಂಬತ್ತು, ಎಂಟು ದಾಟಿದರೂ ನನಗಾಗಿ ಕಾಯುತ್ತಲೇ ಇದ್ದಾಳೆ, ಕಿವಿಯ ಹಿಂದೆ ಅಂಗೈ, ಅಂಗೈ, ಕಿವಿಯ ಹಿಂದೆ